ತಾಯಿಯ ಮನೆತನದ ಹೆಸರೇನು?

"ಯಾವ ಲಿಂಕ್ ಒತ್ತಿದ್ದು ನೀನು?"

ನನ್ನ ತಮ್ಮ ಪ್ರೇಮನಾಥ ಈ ಪ್ರಶ್ನೆಯನ್ನು ನನಗೆ ಎಲ್ಲರೆದುರು ಕೇಳಿದ. ಬಂದರಿನ ನಮ್ಮ ಆಫೀಸಿನಲ್ಲಿ, ಲೆಕ್ಕ ಬರೆಯುವ ಡೆನ್ಜಿಲ್ ಎದುರು, ಐಸ್ ಪೆಟ್ಟಿಗೆ ಇಳಿಸಲು ಬಂದ ಲೋಡಿಂಗಿನವರ ಎದುರು, ತನ್ನ ಮಗ ಯತಿನ್ ಎದುರು. ನಾನು ಅವನಿಗಿಂತ ದೊಡ್ಡವಳು, ಚಿಕ್ಕವನಿದ್ದಾಗ ಅವನ ಮೂಗು ಒರೆಸಿದವಳು. ಸಾಲ್ಯಾನ್ ಮರೈನ್ಸ್ ಎಂಬ ನಮ್ಮ ಈ ಮೀನಿನ ವ್ಯಾಪಾರಕ್ಕೆ ಕಂಪ್ಯೂಟರ್ ಬಂದಾಗ ಅದನ್ನು ಮುಟ್ಟಲಿಕ್ಕೂ ಹೆದರಿ ದೂರ ನಿಂತವನು ಅವನು. ಧೈರ್ಯ ಮಾಡಿ ಅದರ ಎದುರು ಕುಳಿತವಳು ನಾನು. ಅಂದಿನಿಂದ ಆ ಕುರ್ಚಿ ನನ್ನದು.

"ನಾನು ಯಾವ ಲಿಂಕೂ ಒತ್ತಲಿಲ್ಲ," ಎಂದೆ.

"ಒತ್ತದೆ ಹೇಗೆ ಹ್ಯಾಕ್ ಆಗ್ತದೆ ಅಕ್ಕ? ಎಂತ, ತನ್ನಷ್ಟಕ್ಕೆ ಆಗ್ತದಾ ಅದು?"

ಲೋಡಿಂಗಿನ ಒಬ್ಬ ಮುಸಿಮುಸಿ ನಕ್ಕ. ಡೆನ್ಜಿಲ್ ತಲೆ ತಗ್ಗಿಸಿ ಇಲ್ಲದ ಕೆಲಸ ಮಾಡತೊಡಗಿದ. ನನಗೆ ಮೈಯೆಲ್ಲ ಉರಿದು ಹೋಯಿತು.

ನಡೆದದ್ದು ಇಷ್ಟು. ಬೆಳಿಗ್ಗೆ ಕಾಸರಗೋಡಿನಿಂದ ಅಹ್ಮದ್ ಬಾವ ಫೋನ್ ಮಾಡಿದ್ದರು. ನಮ್ಮ ಹಳೆಯ ಗಿರಾಕಿ, ಅಲ್ಲಿ ಕೋಲ್ಡ್ ಸ್ಟೋರೇಜ್ ಇಟ್ಟುಕೊಂಡವರು.

"ಅಕ್ಕ, ನಿಮ್ಮ ಮೇಲ್ ಬಂದುಂಟು. ನಿಮ್ಮ ಬ್ಯಾಂಕ್ ಅಕೌಂಟ್ ಬದಲಾಯ್ತಂತೆ, ಇನ್ನು ಹಣ ಹೊಸದಕ್ಕೆ ಹಾಕಬೇಕಂತೆ. ಅದು ನೀವೇ ಬರೆದದ್ದಾ?"

"ನಾನು ಯಾವಾಗ ಬರೆದೆ? ಇಲ್ಲ!"

"ನನಗೆ ಆಗಲೇ ಡೌಟ್ ಬಂತು. ಶುರುವಿಗೇ 'ಡಿಯರ್ ಸರ್' ಅಂತ ಉಂಟು. ಕೊನೆಗೆ 'ಕೈಂಡ್ಲಿ' ಅಂತ ಬೇರೆ. ಇಷ್ಟು ವರ್ಷದಲ್ಲಿ ನೀವು ನನ್ನನ್ನು ಒಮ್ಮೆ ಆದ್ರೂ ಡಿಯರ್ ಅಂದದ್ದುಂಟಾ? 'ಲಾರಿ ನಾಲ್ಕಕ್ಕೆ ಕಳಿಸಿ, ತಡವಾದ್ರೆ ಮೀನು ಬೇರೆಯವರಿಗೆ' ಅಂತ ಬರೆಯುವವರಲ್ವಾ ನೀವು?"

ನನ್ನ ಬಾಯಿ ಜೋರು ಎಂದು ಊರಿಡೀ ಹೇಳುತ್ತದೆ. ಆ ದಿನ ಸಾಲ್ಯಾನ್ ಮರೈನ್ಸನ್ನು ಉಳಿಸಿದ್ದು ಅದೇ ಜೋರು ಬಾಯಿ. ಈ ಮಾತನ್ನು ಮಾತ್ರ ಪ್ರೇಮನಾಥ ಯಾರ ಎದುರೂ ಹೇಳಲಿಲ್ಲ.

ಯಾರೋ ನನ್ನ ಮೇಲ್ ಒಳಗೆ ಹೊಕ್ಕು, ನನ್ನ ಹೆಸರಿನಲ್ಲಿ, ನನ್ನ ಗಿರಾಕಿಗಳಿಗೆ ಕಾಗದ ಬರೆದಿದ್ದಾನೆ. ನಾನು ಹೊರಗೆ, ಅವನು ಒಳಗೆ. ನನ್ನ ಪಾಸ್‌ವರ್ಡ್ ಹಾಕಿದರೆ "ತಪ್ಪು" ಎನ್ನುತ್ತದೆ ಮೆಷಿನ್. ನನ್ನದೇ ಮನೆಯ ಬಾಗಿಲಿನಲ್ಲಿ ಯಾರೋ ನಿಂತು, ನೀವು ಯಾರು ಎಂದು ನನ್ನನ್ನೇ ಕೇಳಿದ ಹಾಗೆ.

ಯತಿನ್ ನನ್ನ ಮೇಜಿನ ಹತ್ತಿರ ಬಂದ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕಿವಿಗೆ ಹಾಡು ಕೇಳುವ ಬಿಳಿ ಬತ್ತಿ. ನಮ್ಮೆಲ್ಲರ ಮೇಲ್ ಮಾಡಿಕೊಟ್ಟವನು ಅವನೇ. ಯಾವುದೋ ಅಗ್ಗದ ಕಂಪೆನಿಯದು. ಆ ಕಂಪೆನಿಗೆ ಫೋನ್ ಮಾಡಿ, ಬಿಡಿಸಿಕೊಂಡು, ಹೊಸ ಪಾಸ್‌ವರ್ಡ್ ಹಾಕಿದ. ಅಕ್ಷರ, ಅಂಕಿ, ನಕ್ಷತ್ರ, ಏನೇನೋ ಸೇರಿಸಿ ಉದ್ದಕ್ಕೆ ಹೆಣೆದ.

"ಎಂತ ಹಾಕಿದ್ದು?" ಎಂದು ಕೇಳಿದೆ.

"ಅದು ಬೇಡ ಮಾಮಿ. ನಿಮಗೂ ಹೇಳುವುದಿಲ್ಲ. ಸೇಫ್ಟಿಗೆ."

ನನ್ನ ಮೇಲ್. ಅದರಲ್ಲಿ ನನ್ನ ಹೆಸರು. ಬೀಗದ ಕೈ ಮಾತ್ರ ನನಗಿಲ್ಲ, ಸೇಫ್ಟಿಗೆ! ಸೋದರತ್ತೆ ನಾನು, ಹುಡುಗನ ಮೇಲೆ ಅಕ್ಕರೆ ಇಲ್ಲದಿಲ್ಲ. ಆದರೆ ಆ ಹೊತ್ತಿಗೆ ಅವನ ಕಿವಿಯ ಬತ್ತಿ ಎರಡನ್ನೂ ಎಳೆದು ಗುರುಪುರ ಹೊಳೆಗೆ ಎಸೆಯಬೇಕು ಅನ್ನಿಸಿತು.

ಮರುದಿನ ನಾನು ಕಂಪ್ಯೂಟರ್ ಮುಟ್ಟಲೇ ಇಲ್ಲ. ಮುಟ್ಟಿ ಇನ್ನೊಂದು ಮಾತು ಕೇಳುವುದು ಬೇಡ ಎಂದು ದಕ್ಕೆಗೆ ಹೋಗಿ ಬೋಟಿನ ಮೀನು ಇಳಿಯುವುದನ್ನು ನೋಡುತ್ತ ನಿಂತೆ. ಮಧ್ಯಾಹ್ನ ಮಲ್ಪೆಯ ಗಿರಾಕಿಯ ಫೋನ್. ಅವರಿಗೂ ಅದೇ "ಡಿಯರ್ ಸರ್". ಆಫೀಸಿಗೆ ಓಡಿ ಬಂದು ಹೇಳಿದೆ. ಯತಿನ್ ತನ್ನ ಉದ್ದದ ಪಾಸ್‌ವರ್ಡ್ ಹಾಕಿ ನೋಡಿದ. ತಪ್ಪು ಎಂದಿತು ಮೆಷಿನ್.

ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನನಗೆ ಖುಷಿಯಾಯಿತು. ಬೀಗ ಬದಲಾಯಿಸಿದ್ದು ಯತಿನ್. ಕೀಲಿ ನನಗೆ ಗೊತ್ತೇ ಇಲ್ಲ. ಆದರೂ ಕಳ್ಳ ಬಂದ. ಹಾಗಾದರೆ ಇದರಲ್ಲಿ ನನ್ನ ತಪ್ಪೇನು? ಈಗಲಾದರೂ ತಮ್ಮನಿಗೆ ಬುದ್ಧಿ ಬಂದೀತು ಎಂದುಕೊಂಡೆ.

ಎಲ್ಲಿಯ ಬುದ್ಧಿ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ನಿನ್ನ ಕಂಪ್ಯೂಟರಿನಲ್ಲೇ ವೈರಸ್ ಉಂಟು," ಎಂದ ಪ್ರೇಮನಾಥ. "ಕಂಡದ್ದನ್ನೆಲ್ಲ ಒತ್ತಿ ಒತ್ತಿ ತುಂಬಿಸಿಟ್ಟಿದ್ದಿ. ಸೋಮವಾರದಿಂದ ಯತಿನ್ ಇಲ್ಲಿ ಕೂತ್ಕೊಳ್ತಾನೆ. ನಿನ್ನ ಆ ಮೇಲ್ ಐಡಿ ಕ್ಲೋಸ್ ಮಾಡುವ, ಹೊಸದು ಮಾಡುವ. ನೀನು ಮನೆಯಲ್ಲಿ ಆರಾಮ ಮಾಡು ಅಕ್ಕ. ಸಾಕು ಇನ್ನು."

ಮತ್ತೆ ಎಲ್ಲರೆದುರು.

ಆರಾಮ ಮಾಡು! ಹೆಂಗಸರನ್ನು ಕುರ್ಚಿಯಿಂದ ಎಬ್ಬಿಸಲಿಕ್ಕೆ ಇದಕ್ಕಿಂತ ಮೆತ್ತಗಿನ ಮಾತು ಇನ್ನೂ ಹುಟ್ಟಿಲ್ಲ. ಕುಮುದಿನಿ ಸಾಲ್ಯಾನ್ ಎಂಬ ನನ್ನ ಹೆಸರಿನಲ್ಲಿ ಮೇಲ್ ಬಂದರೆ ಮಾಲು ಒಳ್ಳೆಯದೇ ಎಂದು ಕಾಸರಗೋಡಿನಿಂದ ಕಾರವಾರದವರೆಗೆ ನಂಬುತ್ತಾರೆ. ಆ ಹೆಸರನ್ನು ಕ್ಲೋಸ್ ಮಾಡುವುದಂತೆ. ಕದ್ದವನನ್ನು ಹಿಡಿಯಲಿಕ್ಕೆ ಆಗಲಿಲ್ಲ, ಕಳೆದುಕೊಂಡವಳನ್ನು ಹೊರಗೆ ಹಾಕುವುದು. ಇದು ಯಾವ ನ್ಯಾಯ?

ಆ ಸಂಜೆ ಎಲ್ಲರೂ ಹೋದ ಮೇಲೆ ನಾನು ಕಂಪ್ಯೂಟರಿನ ಡಬ್ಬವನ್ನು ವಯರ್‌ಗಳಿಂದ ಬಿಡಿಸಿದೆ. ಸೀರೆಯ ಸೆರಗು ಸಿಕ್ಕಿಸಿ, ಎತ್ತಿಕೊಂಡು ಮೆಟ್ಟಲಿಳಿದೆ. ವೈರಸ್ ಇದ್ದರೆ ಇದೆ ಎಂದು ಗೊತ್ತಾಗಲಿ, ಎದ್ದು ಹೋಗುತ್ತೇನೆ. ಇಲ್ಲದಿದ್ದರೆ ಒಬ್ಬೊಬ್ಬರಿಗೂ ಉತ್ತರ ಕೊಡುತ್ತೇನೆ. ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ರಿಕ್ಷಾ ಹತ್ತಿದಾಗ ಚಾಲಕ ಕೇಳಿದ, "ಎಂತ ಅಕ್ಕ, ಮಿಕ್ಸಿಯಾ?" "ಬಂದರಿನ ಆ ಕೊನೆಗೆ ಬಿಡು," ಎಂದೆ.

ಜಸೀಲಾಳ ಅಂಗಡಿ ಬಂದರಿನ ಇನ್ನೊಂದು ಕೊನೆಯಲ್ಲಿ, ಬಲೆ ಹಗ್ಗ ಮಾರುವ ಅಂಗಡಿಯ ಮಾಳಿಗೆಯಲ್ಲಿದೆ. ಕಂಪ್ಯೂಟರ್ ಎಂಜಿನಿಯರಿಂಗ್ ಓದಿ, ಇಲ್ಲಿಯೇ ರಿಪೇರಿ ಅಂಗಡಿ ಹಾಕಿಕೊಂಡ ಬ್ಯಾರಿ ಹೆಣ್ಣು. ಗೋದಾಮುಗಳ ಬಿಲ್ ಮೆಷಿನ್‌ಗಳೆಲ್ಲ ಅವಳ ಕೈಯಲ್ಲೇ ರಿಪೇರಿ. ನಾನು ನಡೆದದ್ದೆಲ್ಲ ಹೇಳಿದೆ. ಹೇಳುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅದಕ್ಕೂ ಸಿಟ್ಟು ಬಂತು.

"ಮೊದ್ಲು ಕೂತ್ಕೊಳ್ಳಿ," ಎಂದಳು. "ನೀವು ಇದರಿಂದ ಪಾಸ್‌ವರ್ಡ್ ಬದಲಾಯಿಸ್ಲಿಲ್ಲ ತಾನೆ?"

"ಬಿಟ್ಟರೆ ತಾನೆ ಬದಲಾಯಿಸುವುದು?"

"ಒಳ್ಳೆದಾಯ್ತು. ಕಳ್ಳ ಒಳಗೆ ಇದ್ರೆ ಅವನ ಎದುರೇ ಹೊಸ ಕೀಲಿ ಮಾಡಿದ ಹಾಗೆ ಆಗ್ತದೆ. ಮೊದ್ಲು ಮೆಷಿನ್ ನೋಡುವ. ನೆಟ್ ಕೊಡದೆ."

ಅವಳು ನನ್ನ ಡಬ್ಬವನ್ನು ಬಿಚ್ಚಿ, ತನ್ನ ಮೆಷಿನ್‌ಗೆ ಸಿಕ್ಕಿಸಿ, ಮೂಲೆ ಮೂಲೆ ಹುಡುಕಿಸಿದಳು. ಅದು ಮುಗಿಯುವವರೆಗೆ ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಿಜಕ್ಕೂ ನಾನೇ ಏನಾದರೂ ಒತ್ತಿದ್ದೆನೋ? ಅಷ್ಟು ಮಂದಿ ಹೇಳಿದರೆ ನಮಗೇ ನಮ್ಮ ಮೇಲೆ ಅನುಮಾನ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಅನ್ಯಾಯ ಅದು.

"ಆಂಟಿವೈರಸ್ ಯಾವಾಗಲೋ ಸತ್ತು ಹೋಗಿದೆ," ಎಂದಳು ಕೊನೆಗೆ. "ಹಳೆ ಕಸ ತುಂಬಾ ಉಂಟು. ಹೊಸದು ಹಾಕಿ, ಅಪ್‌ಡೇಟ್ ಮಾಡಿ ಕೊಡ್ತೇನೆ. ಆದ್ರೆ ಪಾಸ್‌ವರ್ಡ್ ಕದಿಯುವಂಥದ್ದು ಎಂತದೂ ಇಲ್ಲ ಅಕ್ಕ. ಕಳ್ಳ ಇಲ್ಲಿಂದ ಬರ್ಲಿಲ್ಲ."

"ನೋಡಿದೆಯಾ!" ಎಂದು ನಾನು ಮೇಜು ಗುದ್ದಿದೆ. ಸ್ಕ್ರೂಗಳೆಲ್ಲ ಹಾರಿದವು.

"ಮತ್ತೆ ಎಲ್ಲಿಂದ ಬಂದ?" ಎಂದು ಸ್ಕ್ರೂ ಹೆಕ್ಕುತ್ತ ತನ್ನನ್ನೇ ಕೇಳಿಕೊಂಡಳು. "ನಿಮ್ಮ ಮೇಲ್ ತೆಗೆಯಿರಿ, ನನ್ನ ಮೆಷಿನ್‌ನಲ್ಲಿ."

"ಹೇಗೆ ತೆಗೆಯಲಿ? ಯತಿನ್ ಪುನಃ ಕಂಪೆನಿಗೆ ಫೋನ್ ಮಾಡಿ ಏನೋ ಹಾಕಿದ್ದಾನೆ. ಪಾಸ್‌ವರ್ಡ್ ನನಗೆ ಹೇಳಲಿಲ್ಲ."

"ಮರೆತು ಹೋಗಿದೆ ಅಂತ ಒತ್ತಿ. ಕೆಳಗೆ ಉಂಟು ನೋಡಿ. ಎಂತ ಕೇಳ್ತದೆ ನೋಡುವ."

ಒತ್ತಿದೆ. ಮೆಷಿನ್ ಒಂದೇ ಒಂದು ಪ್ರಶ್ನೆ ಕೇಳಿತು. ಮೇಲ್ ಮಾಡಿದ ದಿನ ಯತಿನ್ ಓದಿ ಹೇಳಿದ್ದ ಪ್ರಶ್ನೆ, ಇಂಗ್ಲಿಷಿನಲ್ಲಿ. ತಾಯಿಯ ಮದುವೆಗೆ ಮುಂಚಿನ ಮನೆತನದ ಹೆಸರೇನು? ಇದು ಗುಟ್ಟಿನ ಪ್ರಶ್ನೆ ಮಾಮಿ, ಇದರ ಉತ್ತರ ಹೊರಗಿನವರಿಗೆ ಗೊತ್ತಿರುವುದಿಲ್ಲ ಎಂದಿದ್ದ. ಅಂದು ಕೊಟ್ಟ ಉತ್ತರವನ್ನೇ ಈಗಲೂ ಕೊಟ್ಟೆ. ಸಾಲ್ಯಾನ್.

ಬಾಗಿಲು ತೆರೆಯಿತು. ಬನ್ನಿ, ಹೊಸ ಪಾಸ್‌ವರ್ಡ್ ಹಾಕಿ ಎಂದಿತು.

ಜಸೀಲಾ ನನ್ನ ಮುಖ ನೋಡಿದಳು. ಮತ್ತೆ ಪರದೆ ನೋಡಿದಳು. ಅಲ್ಲಿ ನನ್ನ ಮೇಲ್ ವಿಳಾಸ ಇತ್ತು. ಕುಮುದಿನಿ ಡಾಟ್ ಸಾಲ್ಯಾನ್, ಅದರ ಮುಂದೆ ಸಾಲ್ಯಾನ್ ಮರೈನ್ಸ್.

"ಅಕ್ಕ, ಸಾಲ್ಯಾನ್ ನಿಮ್ಮ ಗಂಡನ ಮನೆ ಹೆಸರಲ್ವಾ?"

"ಗಂಡನದ್ದು ಸುವರ್ಣ. ನಾನು ಯಾಕೆ ಸುವರ್ಣ ಆಗಲಿ? ಸಾಲ್ಯಾನ್ ನನ್ನ ಬರಿ, ನಾನು ಹುಟ್ಟಿದ ಮನೆತನದ ಹೆಸರು."

"ಹಾಗಾದ್ರೆ ಅಪ್ಪನದ್ದು?"

"ಅಪ್ಪ ಕೋಟ್ಯಾನ್. ನಮ್ಮಲ್ಲಿ ಬರಿ ತಾಯಿಯಿಂದ ಬರ್ತದೆ ಮಾರಾಯ್ತಿ. ಅಮ್ಮ ಸಾಲ್ಯಾನ್, ಹಾಗೆ ನಾನು ಸಾಲ್ಯಾನ್, ನನ್ನ ತಮ್ಮ ಸಾಲ್ಯಾನ್. ಅಮ್ಮನ ಅಮ್ಮನೂ ಸಾಲ್ಯಾನ್. ಅಪ್ಪನ ಕೋಟ್ಯಾನ್ ಅವನ ತಂಗಿಯ ಮಕ್ಕಳಿಗೆ ಹೋಯ್ತು."

ಹೇಳುತ್ತ ಹೇಳುತ್ತ ನನ್ನ ನಾಲಿಗೆ ನಿಂತಿತು. ಜಸೀಲಾ ಹಣೆಗೆ ಕೈ ಹಚ್ಚಿಕೊಂಡಳು.

"ಅಂದ್ರೆ ಆ ಪ್ರಶ್ನೆಯ ಉತ್ತರ ನಿಮ್ಮ ಹೆಸರಿನಲ್ಲೇ ಉಂಟು. ಮೇಲ್ ಐಡಿಯಲ್ಲಿ ಉಂಟು. ಅಂಗಡಿಯ ಬೋರ್ಡಿನಲ್ಲಿ ಕೂಡ ಉಂಟು. ಯಾರೋ ಕೂತು, ಕಂಡದ್ದನ್ನೇ ಒಂದು ಸಲ ಹಾಕಿ ನೋಡಿದ್ದಾನೆ, ಅಷ್ಟೆ. ಯತಿನ್ ಎಷ್ಟು ಉದ್ದದ ಪಾಸ್‌ವರ್ಡ್ ಹಾಕಿದ್ರೆ ಎಂತ? ಮುಂದಿನ ಬಾಗಿಲಿಗೆ ಬೀಗ, ಹಿಂದಿನ ಬಾಗಿಲು ಸದಾ ತೆರೆದೇ ಉಂಟು."

ನಾನು ಎದ್ದು ನಿಂತೆ. ಆ ಮಾಳಿಗೆಯಲ್ಲಿ ನಡೆದಾಡಲು ಜಾಗವಿಲ್ಲ, ಆದರೂ ನಡೆದಾಡಿದೆ.

ಆ ಪ್ರಶ್ನೆಯನ್ನು ಬರೆದವನು ಯಾರು? ಯಾವ ದೇಶದವನೋ. ಮದುವೆಯಾದ ದಿನ ಹೆಂಗಸಿನ ಹೆಸರು ಸತ್ತು ಹೋಗುತ್ತದೆ ಎಂದು ನಂಬಿದವನು. ಸತ್ತ ಹೆಸರು ಮಣ್ಣಿನಡಿ ಇರುತ್ತದೆ, ಯಾರಿಗೂ ಸಿಗುವುದಿಲ್ಲ, ಹಾಗಾಗಿ ಅದು ಒಳ್ಳೆಯ ಬೀಗ ಎಂದು ಲೆಕ್ಕ ಹಾಕಿದವನು. ನನ್ನಮ್ಮನ ಹೆಸರು ಸಾಯಲಿಲ್ಲ ಕಣಯ್ಯಾ! ಮೀನಿನ ಬುಟ್ಟಿ ತಲೆಯಲ್ಲಿ ಹೊತ್ತು ಬೋಳಾರದ ಮನೆಮನೆ ಸುತ್ತಿದವಳು ಅವಳು. ಅವಳ ಹೆಸರು ನಮ್ಮ ಬೋಟಿನ ಮೇಲೆ ಇದೆ, ಬೋರ್ಡಿನ ಮೇಲೆ ಇದೆ, ನನ್ನ ಮೇಲೆ ಇದೆ. ನಮ್ಮಲ್ಲಿ ತಾಯಿಯ ಹೆಸರು ಗುಟ್ಟಲ್ಲ, ಅದು ನಮ್ಮ ಗುರುತು. ಅದನ್ನೇ ಒಬ್ಬ ಗುಟ್ಟು ಎಂದು ತಿಳಿದು ಬೀಗ ಮಾಡಿದ, ಇನ್ನೊಬ್ಬ ಬಂದು ಅದೇ ಹೆಸರಿನಿಂದ ಬೀಗ ತೆಗೆದ, ಮೂರನೆಯವನು ಲಿಂಕ್ ಒತ್ತಿದ್ದು ನೀನು ಎಂದ. ಮೂವರ ನಡುವೆ ಕುರ್ಚಿ ಬಿಡಬೇಕಾದವಳು ನಾನು!

ಇದನ್ನೆಲ್ಲ ನಾನು ಜೋರಾಗಿಯೇ ಹೇಳಿದೆ ಎಂದು ಕಾಣುತ್ತದೆ. ಕೆಳಗಿನ ಹಗ್ಗದಂಗಡಿಯವರು ಮೆಟ್ಟಲ ಹತ್ತಿರ ಬಂದು "ಎಂತಾಯ್ತು?" ಎಂದು ಕೂಗಿದರು.

"ಎಂತ ಇಲ್ಲ, ಕಂಪ್ಯೂಟರ್ ಬಿಸಿಯಾದದ್ದು," ಎಂದಳು ಜಸೀಲಾ.

ಆಮೇಲೆ ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸಕ್ಕೆ ಇಳಿದಳು. ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದಳು. ಹೊಸ ಪಾಸ್‌ವರ್ಡ್ ಹಾಕಿದ್ದು ನಾನು. ಎಲ್ಲೆಲ್ಲಿ ನನ್ನ ಮೇಲ್ ತೆರೆದಿದೆಯೋ ಅಲ್ಲೆಲ್ಲ ಅದನ್ನು ಮುಚ್ಚಿಬಿಡುವ ಬಟನ್ ಒಂದಿತ್ತು, ಅದನ್ನು ನಾನು ಒತ್ತಿದೆ. ಸಿಟ್ಟಿನಲ್ಲಿ ಎರಡು ಸಲ ಒತ್ತಿದೆ. ಮರೆತರೆ ಕೋಡ್ ಕಳಿಸುವ ಜಾಗದಲ್ಲಿ ಯಾವುದೋ ಗುರುತಿಲ್ಲದ ಫೋನ್ ನಂಬರ್ ಕೂತಿತ್ತು. ಅದನ್ನು ಅಳಿಸಿ ನನ್ನದು ಹಾಕಿದೆ. ಇನ್ನು ಹೊಸ ಮೆಷಿನ್‌ನಲ್ಲಿ ಯಾರೇ ತೆರೆದರೂ ನನ್ನ ಮೊಬೈಲಿಗೆ ಬರುವ ಕೋಡ್ ಬೇಕು, ಹಾಗೆ ಮಾಡಿಸಿದಳು.

"ಮುಗೀತಾ?"

"ಇಲ್ಲ. ಹೋಗುವಾಗ ಕಳ್ಳ ಎಂತ ಬಿಟ್ಟು ಹೋದ ಅಂತ ನೋಡ್ಬೇಕು," ಎಂದು ಸೆಟ್ಟಿಂಗ್ಸ್ ಒಳಗೆ ಹೊಕ್ಕಳು. ಅಲ್ಲಿತ್ತು. ಬ್ಯಾಂಕ್, ಪೇಮೆಂಟ್ ಎಂಬ ಪದ ಇರುವ ಯಾವ ಮೇಲ್ ಬಂದರೂ ಅದರ ಪ್ರತಿ ಯಾರದೋ ವಿಳಾಸಕ್ಕೆ ಹೋಗಬೇಕು, ನನ್ನ ಕಣ್ಣಿಗೆ ಬೀಳದಂತೆ ಅಳಿಯಬೇಕು ಎಂದು ಕಟ್ಟಳೆ ಬರೆದಿಟ್ಟಿದ್ದ. ನನ್ನ ಮೇಲ್ ಒಳಗೆ ಕೂತು ನನಗೇ ಕಟ್ಟಳೆ! ಅದನ್ನು ಫೋಟೊ ತೆಗೆದಿಟ್ಟುಕೊಂಡು, ಅಳಿಸಿದೆವು. ಸೈಬರ್ ಪೊಲೀಸರಿಗೆ ದೂರು ಕೊಡುವಾಗ ಬೇಕಾಗುತ್ತದೆ ಎಂದಳು. ದೂರನ್ನೂ ಅಲ್ಲಿಂದಲೇ ಕೊಟ್ಟೆ.

ಕೊನೆಗೆ ಉಳಿದದ್ದು ಆ ಪ್ರಶ್ನೆ. ಆ ಅಗ್ಗದ ಕಂಪೆನಿಯಲ್ಲಿ ಪ್ರಶ್ನೆ ತೆಗೆಯಲಿಕ್ಕೆ ಆಗುವುದಿಲ್ಲವಂತೆ. ಉತ್ತರ ಮಾತ್ರ ಬದಲಾಯಿಸಬಹುದು.

"ಎಂತಾದ್ರೂ ಸುಳ್ಳು ಹಾಕಿ," ಎಂದಳು.

"ಅಮ್ಮನ ಹೆಸರು ಕೇಳಿದರೆ ಸುಳ್ಳು ಹೇಳಬೇಕಾ? ನಾನು?"

"ಮೆಷಿನ್‌ಗೆ ನಿಮ್ಮ ಅಮ್ಮ ಯಾರಾದ್ರೆ ಎಂತ ಅಕ್ಕ?"

"ನನಗೆ ಆಗ್ತದಲ್ಲ!"

ಜಸೀಲಾ ನಗಲಿಲ್ಲ. "ಸುಳ್ಳು ಬೇಡದಿದ್ರೆ, ಯಾರಿಗೂ ಗೊತ್ತಿಲ್ಲದ ಸತ್ಯ ಹಾಕಿ. ಎಲ್ಲಿಯೂ ಬರೆದಿರಬಾರ್ದು. ಯಾರ ಹತ್ರವೂ ಹೇಳಿರಬಾರ್ದು."

ಅಂಥದ್ದು ಏನಿದೆ ನನ್ನ ಹತ್ತಿರ? ನನ್ನ ಬದುಕೆಲ್ಲ ಬಂದರಿನ ನಡುಬೀದಿಯಲ್ಲೇ ನಡೆದದ್ದು. ಆಗ ಅಮ್ಮನ ದನಿ ನೆನಪಾಯಿತು. ಕೋಪ ಬಂದರೆ ಅಮ್ಮ ನಮ್ಮನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ನನಗೊಂದು, ಪ್ರೇಮನಿಗೊಂದು ಬೈಗುಳದ ಹೆಸರು ಅವಳೇ ಕಟ್ಟಿದ್ದಳು. ಮೀನಿನ ಹೆಸರಲ್ಲ, ಪ್ರಾಣಿಯದ್ದಲ್ಲ, ತುಳುವಿನಲ್ಲೂ ಅಂಥ ಪದವಿಲ್ಲ. ಮನೆಯ ಒಳಗೆ ಮಾತ್ರ ಹೇಳುತ್ತಿದ್ದಳು, ಹೊರಗಿನವರ ಎದುರು ಎಂದೂ ಇಲ್ಲ. ಮಕ್ಕಳನ್ನು ಬೈಯುವುದು ಮನೆಯೊಳಗೆ, ಬೀದಿಯಲ್ಲಲ್ಲ ಎನ್ನುತ್ತಿದ್ದಳು, ಬೀದಿಯಲ್ಲಿ ಮೀನು ಮಾರಿ ಬದುಕಿದ ಹೆಂಗಸು. ಅವಳು ಹೋದ ಮೇಲೆ ಆ ಎರಡು ಪದ ಗೊತ್ತಿರುವವರು ಈ ಭೂಮಿಯ ಮೇಲೆ ನಾವಿಬ್ಬರೇ.

ಜಸೀಲಾಳಿಗೆ ಆಚೆ ನೋಡು ಎಂದೆ. ನನ್ನ ಪದವನ್ನು ಒತ್ತಿದೆ. ಅದು ಪುನಃ ಒಮ್ಮೆ ಒತ್ತಿ ಖಾತ್ರಿ ಮಾಡಿ ಎಂದಿತು. ಒತ್ತಿದೆ. ಕಣ್ಣು ಒದ್ದೆಯಾಯಿತು. ಈಗ ಮಾತ್ರ ಸಿಟ್ಟು ಬರಲಿಲ್ಲ.

ಹೊರಡುವ ಮೊದಲು ಎಲ್ಲ ಗಿರಾಕಿಗಳಿಗೂ ನಾನೇ ಮೇಲ್ ಬರೆದೆ. "ನನ್ನ ಮೇಲ್‌ಗೆ ಕಳ್ಳ ಹೊಕ್ಕಿದ್ದ. ಈಗ ಹೊರಗೆ ಹಾಕಿದ್ದೇನೆ. ನಮ್ಮ ಬ್ಯಾಂಕ್ ಬದಲಾಗಿಲ್ಲ. ಬದಲಾಗಿದೆ ಎಂದು ಯಾರಾದರೂ ಬರೆದರೆ ಫೋನ್ ಮಾಡಿ ಕೇಳಿ. 'ಡಿಯರ್' ಎಂದಿದ್ದರೆ ಕೇಳುವುದೂ ಬೇಡ, ಅದು ನಾನಲ್ಲ."

ಅಹ್ಮದ್ ಬಾವ ಆಗಲೇ ಉತ್ತರ ಕಳಿಸಿದರು. "ಇದು ನೀವೇ."

ಸೋಮವಾರ ನಾನು ಎಲ್ಲರಿಗಿಂತ ಮೊದಲೇ ಹೋಗಿ, ಡಬ್ಬವನ್ನು ಮತ್ತೆ ವಯರ್‌ಗಳಿಗೆ ಸಿಕ್ಕಿಸಿ, ನನ್ನ ಕುರ್ಚಿಯಲ್ಲಿ ಕೂತಿದ್ದೆ. ಪ್ರೇಮನಾಥ ಬಂದ, ಹಿಂದಿನಿಂದ ಯತಿನ್. ಬಂದವನೇ ಯತಿನ್ ತನ್ನ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟ. ಇಟ್ಟು ನನ್ನ ಮುಖ ನೋಡಿ ಸಂಕೋಚದಿಂದ ನಿಂತ. ಡೆನ್ಜಿಲ್ ಇದ್ದ. ಲೋಡಿಂಗಿನವರು ಚಾ ಕುಡಿಯುತ್ತ ಬಾಗಿಲಲ್ಲಿ ನಿಂತಿದ್ದರು. ಅವತ್ತು ನಕ್ಕವನೂ ಇದ್ದ. ಎಲ್ಲರೂ ಇದ್ದದ್ದು ಒಳ್ಳೆಯದೇ ಆಯಿತು.

"ಏಳು ಅಕ್ಕ," ಎಂದ ಪ್ರೇಮನಾಥ. ದನಿ ಗಟ್ಟಿಯಿರಲಿಲ್ಲ. "ಮನೆಯಲ್ಲಿ ಆರಾಮ ಮಾಡು ಅಂತ ಹೇಳಿದ್ದೆ ಅಲ್ವಾ?"

"ಏಳ್ತೇನೆ. ಮೊದಲು ಒಂದು ಮಾತು ಹೇಳು. ನಿನ್ನ ಮೇಲ್ ಉಂಟಲ್ಲ, ಅದರ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತುಂಟು?"

"ನನಗೆ ಮಾತ್ರ. ಯತಿನ್‌ಗೂ ಹೇಳ್ಲಿಲ್ಲ."

"ನೀನು ಯಾವುದಾದರೂ ಲಿಂಕ್ ಒತ್ತಿದ್ದುಂಟಾ?"

"ನಾನು? ನಾನು ಆ ಮೇಲ್ ತೆಗೆಯುವುದೇ ಅಪರೂಪ. ಬೋಟಿನ ಲೈಸೆನ್ಸು, ಇನ್ಶೂರೆನ್ಸು ಎಲ್ಲ ಉಂಟು ಅದರಲ್ಲಿ. ಕಂಡಕಂಡದ್ದನ್ನು ಒತ್ತುವ ಜಾತಿ ಅಲ್ಲ ನಾನು."

"ಹಾಗಾದ್ರೆ ನಾನು ಅದನ್ನು ಈಗ ತೆಗೆದು ತೋರಿಸ್ಲಾ? ಇಲ್ಲೇ, ಎಲ್ಲರ ಎದುರು?"

ಅವನು ನಕ್ಕ. "ತೆಗಿ. ತೆಗಿ ನೋಡುವ."

ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದೆ. ಅವನ ವಿಳಾಸ ಹಾಕಿದೆ. ಮರೆತು ಹೋಗಿದೆ ಎಂದು ಒತ್ತಿದೆ. ಪ್ರಶ್ನೆ ಬಂತು. ಡೆನ್ಜಿಲ್‌ಗೆ ಹೇಳಿದೆ, "ಓದು, ಗಟ್ಟಿಯಾಗಿ ಓದು."

"ತಾಯಿಯ ಮನೆತನದ ಹೆಸರೇನು ಅಂತ ಕೇಳ್ತದೆ ಮೇಡಂ."

"ನಮ್ಮ ಬೋರ್ಡಿನಲ್ಲಿ ಎಂತ ಬರೆದುಂಟು?"

"ಸಾಲ್ಯಾನ್ ಮರೈನ್ಸ್."

ಒಂದೊಂದೇ ಅಕ್ಷರ ಒತ್ತಿದೆ. ಬಾಗಿಲು ತೆರೆಯಿತು. ಹೊಸ ಪಾಸ್‌ವರ್ಡ್ ಹಾಕಿ ಎಂದು ಮೆಷಿನ್ ನನ್ನನ್ನು, ಹೌದು ನನ್ನನ್ನು, ಕೇಳಿಕೊಂಡಿತು.

ಪ್ರೇಮನಾಥನ ನಗು ಮುಖದಲ್ಲೇ ಉಳಿದು, ಆಮೇಲೆ ನಿಧಾನಕ್ಕೆ ಇಳಿಯಿತು. ಬಾಗಿಲಲ್ಲಿ ಚಾದ ಗ್ಲಾಸುಗಳು ನಿಂತವು.

"ಯಾವ ಲಿಂಕ್ ಒತ್ತಿದ್ದು ನೀನು?" ಎಂದೆ.

ಅವನು ಪರದೆಗೆ ಬಗ್ಗಿ ನೋಡಿದ.

"ಕೇಳ್ತಾ ಉಂಟಾ ಪ್ರೇಮ? ಒತ್ತದೆ ಹೇಗೆ ಆಗ್ತದೆ? ಎಂತ, ತನ್ನಷ್ಟಕ್ಕೆ ಆಗ್ತದಾ ಅದು?"

"ಮಾಮಿ..." ಎಂದ ಯತಿನ್. ಅವನ ಕಿವಿಯಲ್ಲಿ ಇವತ್ತು ಬತ್ತಿ ಇರಲಿಲ್ಲ. "ಪ್ರಶ್ನೆ ಹಾಕಿದ್ದು ನಾನೇ. ನನ್ನದ್ದರಲ್ಲೂ ಅದೇ ಉಂಟು. ನನಗೆ ಹೊಳೆಯಲೇ ಇಲ್ಲ."

"ನಿನಗೆ ಹೇಗೆ ಹೊಳೀತದೆ ಮಗಾ? ನಿನ್ನಮ್ಮ ಕರ್ಕೇರ. ನೀನೂ ಕರ್ಕೇರ ಆಗಬೇಕಿತ್ತು. ನಿನ್ನಪ್ಪ ಶಾಲೆಯಲ್ಲಿ ತನ್ನ ಹೆಸರು ಬರೆಸಿದ. ಹಾಗಾಗಿ ನಿನ್ನಮ್ಮನ ಹೆಸರು ಯಾರಿಗೂ ಗೊತ್ತಿಲ್ಲದ ಗುಟ್ಟಾಯ್ತು. ನಮ್ಮಮ್ಮನ ಹೆಸರು ಗುಟ್ಟಲ್ಲ."

ಪ್ರೇಮನಾಥ ಎದುರಿನ ಕುರ್ಚಿಯಲ್ಲಿ, ಗಿರಾಕಿಗಳು ಕೂರುವ ಕುರ್ಚಿಯಲ್ಲಿ, ಕೂತುಬಿಟ್ಟ. ಬೋಟಿನ ಕಾಗದವೆಲ್ಲ ಅದರಲ್ಲಿದೆ ಎಂಬುದು ಅವನಿಗೆ ಈಗ ನೆನಪಾದ ಹಾಗಿತ್ತು. ಕೈಯಿಂದ ಮುಖ ಒರೆಸಿಕೊಂಡ. ನನ್ನ ಬಾಯಿಯ ತುದಿಯಲ್ಲಿ ಇನ್ನೂ ಹತ್ತು ಮಾತು ಇದ್ದವು. ಎರಡು ದಿನ ನಿದ್ದೆ ಬಿಟ್ಟು ಹರಿತ ಮಾಡಿಟ್ಟ ಮಾತುಗಳು. ಅಷ್ಟು ಮಂದಿಯ ಎದುರು ಒಂದೊಂದಾಗಿ ಹೇಳಬೇಕೆಂದಿದ್ದೆ.

ಅಮ್ಮ ಹೇಳುತ್ತಿದ್ದ ಮಾತು ಅಡ್ಡ ಬಂತು. ಮಕ್ಕಳನ್ನು ಬೈಯುವುದು ಮನೆಯೊಳಗೆ.

"ಡೆನ್ಜಿಲ್, ಯತಿನ್, ಎಲ್ಲರೂ ಆಚೆ ತಿರುಗಿ," ಎಂದೆ. "ಬಾಗಿಲಲ್ಲಿರುವವರು ಕೆಳಗೆ ಹೋಗಿ. ಚಾ ಮುಗಿದಿದೆ."

ಹೋದರು. ಡೆನ್ಜಿಲ್ ಮತ್ತು ಯತಿನ್ ಗೋಡೆಯ ಕಡೆ ತಿರುಗಿ, ಶಾಲೆಯಲ್ಲಿ ತಪ್ಪು ಮಾಡಿದವರಂತೆ ನಿಂತರು. ಪ್ರೇಮನಾಥ ಪಾಸ್‌ವರ್ಡ್ ಬದಲಾಯಿಸಿದ. ಕೋಡ್ ತನ್ನ ಮೊಬೈಲಿಗೆ ಬರುವ ಹಾಗೆ ಮಾಡಿದ. ನಾನು ಹೇಳುತ್ತ ಹೋದೆ, ಅವನು ಒಂದು ಬೆರಳಿನಿಂದ ಒತ್ತುತ್ತ ಹೋದ. ಪ್ರಶ್ನೆಯ ಹತ್ತಿರ ಬಂದು ನಿಂತ.

"ಇದಕ್ಕೆ ಎಂತ ಹಾಕುವುದು ಅಕ್ಕ? ಅಮ್ಮನ ಹೆಸರು ಸುಳ್ಳು ಹಾಕ್ಲಿಕ್ಕೆ ನನಗೆ ಆಗುದಿಲ್ಲ."

ನನ್ನ ತಮ್ಮನೇ ಹೌದು ಎಂದುಕೊಂಡೆ.

"ಸುಳ್ಳು ಬೇಡ. ಕೋಪ ಬಂದಾಗ ಅಮ್ಮ ನಿನ್ನನ್ನು ಎಂತ ಅಂತ ಕರೀತಿದ್ದಳು?"

ಅವನು ತಲೆ ಎತ್ತಿ ನನ್ನನ್ನು ನೋಡಿದ. ಎಷ್ಟೋ ವರ್ಷಗಳಿಂದ ಯಾರೂ ಹೇಳದ, ಯಾರೂ ಕೇಳದ ಪದ. ಅವನ ಕಿವಿ ಕೆಂಪಾಯಿತು, ಚಿಕ್ಕವನಿದ್ದಾಗ ಆಗುತ್ತಿದ್ದ ಹಾಗೆಯೇ. ಆಮೇಲೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಅದು ಯಾವ ಪದ ಎಂದು ಇಲ್ಲಿಯೂ ಬರೆಯಲಾರೆ.

ಪುನಃ ಒಮ್ಮೆ ಹಾಕಿ ಎಂದಿತು ಮೆಷಿನ್.

ಅವನು ಅದಕ್ಕೆ ಮೊದಲು ಗೋಡೆಯ ಕಡೆ ನೋಡಿ ಹೇಳಿದ, "ಯತಿನ್, ಅಕ್ಕನ ಮೇಜಿನಿಂದ ನಿನ್ನ ಚೀಲ ತೆಗೆ."

ತಪ್ಪಾಯಿತು ಎಂದು ಅವನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಗಂಡಸರು ಆ ಮಾತು ಹೇಳುವ ಕ್ರಮವಿಲ್ಲ. ಆದರೆ ಅಮ್ಮ ಬೈಯುತ್ತಿದ್ದ ಆ ಹೆಸರನ್ನು, ನನ್ನ ಕಣ್ಣೆದುರು ತನ್ನ ಕೈಯಿಂದ ಎರಡನೇ ಸಲ ಬರೆದು, ಹೌದು ಇದು ನಾನೇ ಎಂದು ಖಾತ್ರಿ ಮಾಡಿದ. ನಾನು ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡು ಅಹ್ಮದ್ ಬಾವರಿಗೆ ಲಾರಿ ನಾಲ್ಕಕ್ಕೆ ಕಳಿಸಲು ಬರೆದೆ.